ಗ್ವಾಡಿಗೆ ಹೇಳಿದ ಮಾತು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಾನು ಪಿಎಚ್.ಡಿ. ಮಾಡಿದ್ದು ಅರ್ಧ ಓದುವ ಆಸೆಯಿಂದ, ಇನ್ನರ್ಧ ಸಿಟ್ಟಿನಿಂದ. ಹುಕ್ಕೇರಿಯ ತವರಿನಲ್ಲೂ ಗೋಕಾಕದ ಗಂಡನ ಮನೆಯಲ್ಲೂ ಇದು ಎಲ್ಲರಿಗೂ ಗೊತ್ತಿರುವ ಸಂಗತಿ.

ಗೋಕಾಕದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಬಿ.ಕಾಂ. ಮಕ್ಕಳಿಗೆ ವ್ಯವಹಾರ ಸಂವಹನ ಕಲಿಸುತ್ತೇನೆ. ಕಚೇರಿಯಲ್ಲಿ, ಕಾರಖಾನೆಯಲ್ಲಿ ಜನ ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ, ಹೇಗೆ ಮಾತಾಡಬೇಕು ಎಂಬುದೇ ಆ ವಿಷಯ. ಪಠ್ಯದ ಮೊದಲ ಪಾಠದಲ್ಲಿ ಒಂದು ಚಿತ್ರವಿದೆ. ಈ ಕಡೆ ಒಂದು ಚೌಕ, ಅದರಲ್ಲಿ ಹೇಳುವವನು. ಆ ಕಡೆ ಇನ್ನೊಂದು ಚೌಕ, ಅದರಲ್ಲಿ ಕೇಳುವವನು. ನಡುವೆ ನೆಟ್ಟಗೆ ಒಂದು ಬಾಣ. ವರ್ಷವರ್ಷವೂ ಈ ಬಾಣ ಎಳೆದು ಎಳೆದು ನನ್ನ ಕೈ ಸೋತಿತ್ತು. ಹುಡುಗರು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಇನ್ನೂ ನೆಟ್ಟಗೆ ಎಳೆದು, ಪಾಸಾಗಿ ಹೋಗುತ್ತಿದ್ದರು.

ಒಂದು ದಿನ ಬೇಸರ ಬಂದು ಪುಸ್ತಕ ಮುಚ್ಚಿಟ್ಟೆ. ಮೂಡಲಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿಯನ್ನು ಎಬ್ಬಿಸಿ, "ನಿಮ್ಮ ಮನಿಯೊಳಗ ಯಾರು ಯಾರಿಗೆ ಹೆಂಗ ಮಾತಾಡ್ತಾರ ಹೇಳವಾ, ಒಂದು ಉದಾಹರಣೆ ಕೊಡು" ಎಂದೆ.

"ನಮ್ಮವ್ವ ಅಪ್ಪಗ ಹೇಳೂದನ್ನ ಎಮ್ಮಿಗೆ ಹೇಳ್ತಾಳ್ರಿ ಮೇಡಂ. ಅಪ್ಪ ಹೊರಗ ಕಟ್ಟಿ ಮ್ಯಾಲ ಕೂತು ಕೇಳ್ಕೋತಾನ್ರಿ."

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆದರೆ ಬೋರ್ಡಿನ ಮೇಲಿದ್ದ ಬಾಣ ನೋಡಿದಾಗ ನಗು ನಿಂತಿತು. ಈ ಚಿತ್ರದಲ್ಲಿ ಎಮ್ಮೆಯನ್ನು ಎಲ್ಲಿ ಕಟ್ಟುವುದು? ಅವತ್ತೇ ಸಂಜೆ ಗಂಡನಿಗೆ ಹೇಳಿದೆ, ನಾನು ಪಿಎಚ್.ಡಿ. ಮಾಡುತ್ತೇನೆ, ನಮ್ಮ ಕಡೆಯ ಜನ ಕೆಲಸದ ಜಾಗದಲ್ಲಿ ಹೇಗೆ ಮಾತಾಡುತ್ತಾರೆ ಅಂತ. ಅವರು, "ಈ ವಯಸ್ಸಿನ್ಯಾಗ?" ಎಂದರು. ಆ ಒಂದು ಮಾತು ಸಾಕಾಯಿತು ನನಗೆ. ಮರುವಾರವೇ ಅರ್ಜಿ ಹಾಕಿದೆ.

ಮಾರ್ಗದರ್ಶಕರು ಒಳ್ಳೆಯ ಮನುಷ್ಯರು, ಆದರೆ ನಾನು ಆರಿಸಿಕೊಂಡ ಜಾಗದ ಹೆಸರು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬ್ಯಾಂಕು ತೊಗೋರಿ, ವಿಮಾ ಆಫೀಸು ತೊಗೋರಿ, ಇಲ್ಲಾ ಯಾವುದರೆ ದೊಡ್ಡ ಕಂಪನಿ ತೊಗೋರಿ. ಕರದಂಟು ಮಾಡೋ ಹೆಂಗಸರು ಎಂಥಾ ಸಂವಹನ ಮಾಡ್ತಾರ್ರಿ? ಹರಟಿ ಹೊಡೀತಾರ."

ನನ್ನ ಕಿವಿ ಬಿಸಿಯಾಯಿತು. "ಸರ್, ನಿಮ್ಮ ಮನಿಗೆ ಹಬ್ಬಕ್ಕ ಕರದಂಟು ಎಲ್ಲಿಂದ ತರ್ತೀರಿ?"

"ಗೋಕಾಕದಿಂದನ."

"ಅದು ಹಲ್ಲಿಗೆ ಹಿತ ಆಗಿ ಮುರಿಯೋ ಹಂಗ ಆಗಬೇಕಂದ್ರ ಅದರ ಹಿಂದ ಎಷ್ಟು ಮಾತು ಆಗಿರ್ತಾವ, ಒಂದಿನಾ ಬಂದು ಕೂತು ಕೇಳ್ರಿ. ಆಮ್ಯಾಲ ಹರಟಿ ಅನ್ರಿ."

ಅವರು ನಕ್ಕು ಸಹಿ ಹಾಕಿದರು. ಜಗಳಗಂಟಿಯ ಜೊತೆ ವಾದ ಬೇಡ ಎಂದುಕೊಂಡಿರಬೇಕು. ಇರಲಿ, ಸಹಿ ಬಿತ್ತಲ್ಲ!

ಕರದಂಟಿನ ಬಗ್ಗೆ ನಾನು ಅಷ್ಟು ಜೋರಾಗಿ ಮಾತಾಡಲು ಕಾರಣವಿತ್ತು. ನಮ್ಮ ಮನೆಯದೇ ಆ ಉದ್ಯೋಗ. ಮನೆಯ ಹಿಂದೆ ತಗಡು ಹೊದಿಸಿದ ಒಂದು ದೊಡ್ಡ ಚಪ್ಪರ, ನಾವು ಅದನ್ನು ಠೀವಿಯಿಂದ ಕಾರಖಾನಿ ಅನ್ನುತ್ತೇವೆ. ಗಂಡ ಮುಂದಿನ ಅಂಗಡಿ ನೋಡಿಕೊಳ್ಳುತ್ತಾರೆ, ಮೈದುನ ಸಾಮಾನು ತರುವುದು, ಪೇಟೆಗೆ ಕಳಿಸುವುದು ಮಾಡುತ್ತಾನೆ. ಕಾರಖಾನಿ ಮಾತ್ರ ಅತ್ತೆಯದು. ಅಂಕಲಗಿ, ನಾಗನೂರು, ಊರೊಳಗಿನ ಓಣಿಗಳಿಂದ ಹೆಂಗಸರು ಬರುತ್ತಾರೆ. ಒಬ್ಬಳು ಅಂಟನ್ನು ತುಪ್ಪದಲ್ಲಿ ಹೂವಿನಂತೆ ಅರಳಿಸುತ್ತಾಳೆ, ಒಬ್ಬಳು ಕೊಬ್ಬರಿ ಹೆರೆಯುತ್ತಾಳೆ, ಮತ್ತಿಬ್ಬರು ಉತ್ತತ್ತಿ ಬೀಜ ಬಿಡಿಸುತ್ತಾರೆ. ಇವೆಲ್ಲ ಯಾರು ಬೇಕಾದರೂ ಮಾಡಬಹುದು. ಬೆಲ್ಲದ ಪಾಕ ಮಾತ್ರ ಅತ್ತೆಯ ಕೈಯಲ್ಲೇ ಆಗಬೇಕು. ಒಂದು ಗಳಿಗೆ ಮೊದಲು ಇಳಿಸಿದರೆ ಕರದಂಟು ಕೈಗೆ ಅಂಟುತ್ತದೆ, ಒಂದು ಗಳಿಗೆ ತಡವಾದರೆ ಕಲ್ಲಾಗುತ್ತದೆ.

ಅತ್ತೆ ಒಲೆಯ ಮುಂದೆ ಮಣೆ ಹಾಕಿಕೊಂಡು, ಹೆಂಗಸರಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಒಲೆಯ ಬಾಯಿ ಇದ್ದದ್ದೇ ಹಾಗೆ. ಅವರ ಅತ್ತೆ ಕೂತದ್ದೂ ಅಲ್ಲೇ, ಹಾಗೇ. ಕೈಯಲ್ಲಿ ಉದ್ದ ಹಿಡಿಕೆಯ ಕಬ್ಬಿಣದ ಸೌಟು. ಆ ಸೌಟು ಹಿಡಿದವರಿಗೆ ಕಾರಖಾನಿಯಲ್ಲಿ ಒಂದು ಮರ್ಯಾದೆ ಇತ್ತು. ಅವರಿಗೆ ಯಾರೂ ಯಾವುದನ್ನೂ ಮುಖಕ್ಕೆ ಮುಖ ಕೊಟ್ಟು ಹೇಳುವಂತಿರಲಿಲ್ಲ. ಪಾಕ ಏರುತ್ತಿದೆ ಅನ್ನಿಸಿದರೆ ಹೆಂಗಸರು ತಮ್ಮ ಪಕ್ಕದ ಗೋಡೆಗೆ, ಅಂದರೆ ಗ್ವಾಡಿಗೆ, ಹೇಳುತ್ತಿದ್ದರು.

"ಏ ಗ್ವಾಡಿ, ಘಮ ಜೋರ ಆತಲ್ಲ ಇವತ್ತು?"

ಗ್ವಾಡಿ ಪಾಪ ಏನು ಹೇಳೀತು! ಅತ್ತೆ ತಿರುಗಿಯೂ ನೋಡದೆ ಒಂದು ಕಟ್ಟಿಗೆ ಹೊರಗೆಳೆದು ಉರಿ ಸಣ್ಣ ಮಾಡುತ್ತಿದ್ದರು. ಹೇಳಿದವಳು ಹೇಳಿದಂತಾಗಲಿಲ್ಲ, ಕೇಳಿದವರು ಕೇಳಿದಂತಾಗಲಿಲ್ಲ, ಪಾಕ ಮಾತ್ರ ಸರಿಯಾಯಿತು. ಉಳಿದವರಿಗೆ ಈ ಮರ್ಯಾದೆ ಇರಲಿಲ್ಲ. ಅತ್ತೆ ನಮ್ಮನ್ನೆಲ್ಲ ನೇರವಾಗಿಯೇ ಬೈಯುತ್ತಿದ್ದರು. "ಏ, ಕೊಬ್ಬರಿ ಹೆರೀತಿಯೋ, ಗ್ವಾಡಿಗೆ ಸುಣ್ಣಾ ಹಚ್ತಿಯೋ?" ಎಂಬುದು ನನಗೆ ಸಿಕ್ಕ ಮೊದಲ ಆಶೀರ್ವಾದ.

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಈ ರಿವಾಜು ಯಾರೂ ತಿಳಿಸಿರಲಿಲ್ಲ. ಒಂದು ದಿನ ವಾಸನೆ ಬಂತು, ನಾನು ಎಲ್ಲರ ಮುಂದೆ, "ಅತ್ತಿ, ಪಾಕ ತಳ ಹತ್ತಾಕತ್ತೈತ್ರಿ!" ಎಂದು ಕೂಗಿಬಿಟ್ಟೆ. ಅತ್ತೆ ಕಡಾಯಿ ಇಳಿಸಿದರು, ಸೌಟು ತೊಳೆದು ಗೂಟಕ್ಕೆ ಹಾಕಿದರು, ಎದ್ದು ಮನೆಯೊಳಗೆ ಹೋದರು. ಎಷ್ಟೋ ದಿನ ನನ್ನ ಜೊತೆ ಮಾತಿಲ್ಲ. ಪಾಕ ತಳ ಹತ್ತಿದ್ದು ಖರೆ, ನಾನು ಹೇಳಿದ್ದೂ ಖರೆ, ಈಗಲೂ ಬೇಕಾದರೆ ಪ್ರಮಾಣ ಮಾಡುತ್ತೇನೆ. ಆದರೆ ಅವತ್ತಿನಿಂದ ಆ ಸೌಟಿಗೆ ನನ್ನ ಕೈ ತಾಗಲು ಅತ್ತೆ ಬಿಡಲಿಲ್ಲ. ತೊಳೆಯಲಿಕ್ಕೂ ಸಹ.

ಹೀಗಿರುವಾಗ ನಾನು ಸಂಶೋಧಕಿಯಾಗಿ ಚಪ್ಪರದ ಮೂಲೆಯಲ್ಲಿ ಕೂರಲು ಬಂದರೆ ಹೆಂಗಸರು ಬಿಡುತ್ತಾರೆಯೇ? ಎಲ್ಲರಲ್ಲಿ ಹಿರಿಯಳಾದ, ಅಂಕಲಗಿಯಿಂದ ಬರುವಾಕೆ, ನನ್ನ ಕೈಯ ರೆಕಾರ್ಡರು ನೋಡಿ, "ಇದರಾಗ ನಮ್ಮ ಬೈಗಳಾನೂ ಬರ್ತಾವೇನ್ರಿ?" ಎಂದು ಕೇಳಿದಳು. ಬರುತ್ತವೆ ಎಂದೆ. "ಹಂಗಾರ ಚೊಲೋ ಚೊಲೋವು ನೆನಪ ಮಾಡ್ಕೊಂಡು ಬರ್ತೇನಿ ತಡೀರಿ" ಎಂದಳು, ಮತ್ತು ಮಾತಿಗೆ ತಪ್ಪಲಿಲ್ಲ. ಎಲ್ಲರ ಒಪ್ಪಿಗೆ ಪಡೆದು ರೆಕಾರ್ಡರನ್ನು ಕೊಬ್ಬರಿ ಡಬ್ಬಿಗಳ ನಡುವೆ ಗೋಡೆಯ ಮಾಡದಲ್ಲಿ ಇಟ್ಟೆ. ಅತ್ತೆಯ ಒಪ್ಪಿಗೆಯನ್ನು ಅಂಕಲಗಿಯವಳ ಮೂಲಕ ಕೇಳಿದೆ. ಅವರು ಅಂಕಲಗಿಯವಳ ಮೂಲಕವೇ, "ಮಾಡಿಕೊಳ್ಳವಲ್ಲಳ್ಯಾಕ" ಎಂದು ಒಪ್ಪಿದರು. ನೋಡಿ, ಸಂಶೋಧನೆ ಅಲ್ಲಿಂದಲೇ ಶುರುವಾಗಿತ್ತು.

ಬರೀ ನಮ್ಮ ಮನೆಯದಾದರೆ ಸಾಲದು ಎಂದು ಮೂಡಲಗಿಯ ಕಡೆಯ ಒಂದು ಬೆಲ್ಲದ ಗಾಣಕ್ಕೂ, ಹುಕ್ಕೇರಿಯಲ್ಲಿ ಶಾಲೆ ಮಕ್ಕಳ ಅಂಗಿ ಹೊಲಿಯುವ ಒಂದು ಶೆಡ್ಡಿಗೂ ಹೋಗುತ್ತಿದ್ದೆ. ಗಾಣದಲ್ಲಿ ಗಂಡಸರು ಹಿರಿಯ ಗಾಣಿಗನಿಗೆ ಹೇಳಬೇಕಾದ್ದನ್ನು ಮಿಶನ್ನಿಗೆ ಹೇಳುತ್ತಿದ್ದರು. "ನಿನಗ ವಯಸ್ಸಾತಪಾ, ಸ್ವಲ್ಪ ಎಣ್ಣಿ ಕುಡಿ" ಎಂದರೆ ಹಿರಿಯ ಎದ್ದು ಎಣ್ಣೆ ಬಿಡುತ್ತಿದ್ದ. ಹುಕ್ಕೇರಿಯಲ್ಲಿ ಬಟ್ಟೆ ಕತ್ತರಿಸುವ ಮುಖ್ಯಸ್ಥೆಯ ತಪ್ಪನ್ನು ಕತ್ತರಿಯ ಮೇಲೆ ಹೊರಿಸುತ್ತಿದ್ದರು, ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ. ಮೂರೂ ಊರುಗಳಲ್ಲಿ ಬಾಣ ನೆಟ್ಟಗೆ ಹೋಗುತ್ತಲೇ ಇರಲಿಲ್ಲ. ಎಲ್ಲೋ ಬಡಿದು, ತಿರುಗಿ, ಬೇಕಾದವರಿಗೇ ಹೋಗಿ ಮುಟ್ಟುತ್ತಿತ್ತು. ನನಗೆ ಹಿಗ್ಗೋ ಹಿಗ್ಗು. ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿರುತ್ತಿದ್ದೆ.

ದೀಪಾವಳಿ ಹತ್ತಿರ ಬಂದಿತ್ತು. ಅವತ್ತು ನಾನು ಮೂಡಲಗಿಗೆ ಹೋಗಿದ್ದೆ, ರೆಕಾರ್ಡರು ಚಪ್ಪರದಲ್ಲೇ ನಡೆಯುತ್ತಿತ್ತು. ಮಧ್ಯಾಹ್ನ ಬಸ್ಸಿಳಿದು ಓಣಿಗೆ ತಿರುಗುವಷ್ಟರಲ್ಲಿ ಮೂಗಿಗೆ ಬಡಿಯಿತು. ಬೆಲ್ಲ ಸುಟ್ಟ ವಾಸನೆ! ಓಡಿ ಹೋಗಿ ನೋಡಿದರೆ ಹೊಗೆ ತುಂಬಿದ ಚಪ್ಪರ, ಕಡಾಯಿಯ ತುಂಬ ಕರ್ರಗಿನ ಪಾಕ, ಬಾಗಿಲಲ್ಲಿ ಮೈದುನ. ಹೆಂಗಸರು ತಲೆ ತಗ್ಗಿಸಿ ನಿಂತಿದ್ದರು. ಅತ್ತೆ ಮಣೆಯ ಮೇಲೆ ಕೂತೇ ಇದ್ದರು, ಸೌಟು ಕೈಯಲ್ಲೇ ಇತ್ತು.

ಮೈದುನ ಕೆಟ್ಟವನಲ್ಲ. ತಾಯಿಗೆ ಏನೂ ಅನ್ನಲಿಲ್ಲ. ಅವನೂ ಈ ಮನೆಯವನೇ ಅಲ್ಲವೇ, ಬಾಗಿಲ ಚೌಕಟ್ಟಿಗೆ ಹೇಳಿದ. "ಸಾಕಾತು. ಹಬ್ಬ ಆದಮ್ಯಾಲ ಉಗಿ ಮ್ಯಾಲ ನಡಿಯೂ ಕಡಾಯಿ ತರಸ್ತೇನಿ, ಅದಕ್ಕ ಬಿಸಿ ಅಳಿಯೂ ಕಾಟಾ ಇರತೈತಿ. ಅವ್ವ ಅರಾಮ ಅಂಗಡ್ಯಾಗ ಗಲ್ಲಾದ ಮ್ಯಾಲ ಕುಂದ್ರಲಿ."

ಅತ್ತೆ ತಿರುಗಲಿಲ್ಲ. ಅವರಿಗೆ ಬಾಧೆಯೇ ಆಗಿಲ್ಲವೆಂದು ಮೈದುನ ತಿಳಿದುಕೊಂಡ. ಆದರೆ ಸಂಜೆ, ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಕೂತಾಗ, ಗಂಡ ಅದೇ ಮಾತನ್ನು ಅತ್ತೆಯ ತಟ್ಟೆಯ ಎದುರಿಗೇ ಕೂತು ಹೇಳಿದರು. ಅತ್ತೆಯ ಕೈಯ ತುತ್ತು ಅಲ್ಲೇ ನಿಂತಿತು. "ಸೌಟು ತಗೀತೀರೇನು ನನ್ನ ಕೈಯಾಂದು?" ಎಂದರು. ಅಷ್ಟೇ. ನನಗೆ ಸಿಟ್ಟು ಬಂದರೆ ಊರಿಗೆಲ್ಲ ಕೇಳುತ್ತದೆ. ಅವರ ಸಿಟ್ಟು ಹಾಗಲ್ಲ. ಊಟ ಬಿಟ್ಟು ಎದ್ದು ಹೋದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು. ಆ ಹೆದರಿಕೆಯನ್ನು ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ.

ಮರುದಿನ ಮಧ್ಯಾಹ್ನ ಮಾಳಿಗೆಯ ಮೇಲೆ ಕೂತು ರೆಕಾರ್ಡರು ಕೇಳಿದೆ. ಮೊದಲು ಅಂಕಲಗಿಯವಳ ದನಿ, "ಏ ಗ್ವಾಡಿ, ಘಮ ಬರಾಕತ್ತೈತಲ್ಲ?" ಕಟ್ಟಿಗೆ ಎಳೆದ ಸದ್ದಿಲ್ಲ. ಮತ್ತೆ ನಾಗನೂರಿನವಳು, ಇನ್ನೂ ಜೋರಾಗಿ, "ಗ್ವಾಡೀ, ಪಾಕ ಕರ್ರಗ ಆತು ನೋಡು!" ಆಗಲೂ ಇಲ್ಲ. ಆಮೇಲೆ ಎಲ್ಲರೂ ಸೇರಿ. ಸಂತೆಯಲ್ಲಿ ಕೂಗುವ ಹಾಗೆ ಕೂಗುತ್ತಿದ್ದಾರೆ, "ಅಯ್ಯಯ್ಯ ಗ್ವಾಡಿ, ಸುಟ್ಟಿತು, ಸುಟ್ಟಿತಲ್ಲ ಗ್ವಾಡೀ!" ಅಯ್ಯೋ ನನ್ನ ದೇವರೇ! ಪಾಕ ಹೊತ್ತಿ ಹೋಗುವವರೆಗೂ ಅಷ್ಟೂ ಮಂದಿ ಗ್ವಾಡಿಗೆ ಬಾಯಿ ಬಾಯಿ ಬಡಿದುಕೊಂಡಿದ್ದಾರೆ, ಒಬ್ಬಾಕೆಯೂ ಎದ್ದು ಹೋಗಿ ಅತ್ತೆಯ ಹೆಗಲು ಮುಟ್ಟಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಂಥ ತಪ್ಪು ಮಾಡಲು ನಮ್ಮವರೇ ಆಗಬೇಕು.

ಆಮೇಲೆ ಒಂದು ಯೋಚನೆ ಬಂತು. ಹಳೆಯ ಧ್ವನಿಮುದ್ರಣಗಳನ್ನು ತೆಗೆದು, ಶುರುವಿನಿಂದ ಕೇಳುತ್ತ ಬಂದೆ. ಮೊದಮೊದಲು ಹೆಂಗಸರು ಗ್ವಾಡಿಗೆ ಪಿಸುಗುಡುತ್ತಿದ್ದರು. ಮಳೆಗಾಲದ ಹೊತ್ತಿಗೆ ಸಾಧಾರಣ ದನಿ. ದಸರೆಯ ಹೊತ್ತಿಗೆ ಜೋರು. ನಾನು ದಡ್ಡಿ, ಆ ದಿನಗಳಲ್ಲಿ ಹೆಂಗಸರಿಗೆ ಸಲಿಗೆ ಹೆಚ್ಚಾಗಿದೆ ಎಂದೇ ಟಿಪ್ಪಣಿ ಬರೆದುಕೊಂಡಿದ್ದೆ. ಸಲಿಗೆಯಲ್ಲ. ತಮಗೇ ಗೊತ್ತಿಲ್ಲದಂತೆ ಅವರು ದನಿ ಏರಿಸುತ್ತ ಬಂದಿದ್ದರು, ಏಕೆಂದರೆ ಬೆನ್ನು ಮಾಡಿ ಕೂತ ಅತ್ತೆಗೆ ಕೇಳಿಸುವುದು ಕಡಿಮೆಯಾಗುತ್ತ ಬಂದಿತ್ತು. ಅತ್ತೆಯ ಕೈ ಕೆಟ್ಟಿರಲಿಲ್ಲ, ಕಣ್ಣು ಕೆಟ್ಟಿರಲಿಲ್ಲ. ಕಿವಿ ಹೋಗಿತ್ತು. ವಾಸನೆ ಮೂಗಿಗೆ ಬರುವ ಮೊದಲೇ ಬೆನ್ನ ಹಿಂದಿನಿಂದ ಬರುತ್ತಿದ್ದ ಮಾತು ಈಗ ಅವರ ಕಿವಿಗೆ ಬೀಳುತ್ತಿರಲಿಲ್ಲ. ಅಷ್ಟು ವರ್ಷ ಒಲೆಯ ಬಿಸಿಗೆ ಮೂಗೊಡ್ಡಿದವರಿಗೆ ವಾಸನೆಯಾದರೂ ಎಷ್ಟು ತಿಳಿದೀತು? ನೊರೆ, ಉಗಿಯ ನಡುವೆ ಹತ್ತಿರ ಕೂತವರಿಗೆ ತಳ ಸುಡುವುದು ಕಾಣುವುದೂ ಇಲ್ಲ. ಊಟದ ಹೊತ್ತಿಗೆ ಗಂಡ ಹೇಳಿದ್ದು ಅವರಿಗೆ ತಿಳಿದದ್ದು ಎದುರಿಗೆ ಕೂತಿದ್ದರಿಂದ, ತುಟಿ ಕಂಡಿದ್ದರಿಂದ.

ಗಂಡನಿಗೆ ಹೇಳಿದೆ. ಅವರು, "ನೀನ ಹೇಳು ಅವ್ವಗ. ನೆಟ್ಟಗ ಮಾತಾಡಾಕಿ ನೀನ ಅಲ್ಲೇನು?" ಎಂದರು. ಆಹಾ, ಬೇಕಾದಾಗ ನನ್ನ ನಾಲಗೆ ಇವರಿಗೆ ಉಪಯೋಗಕ್ಕೆ ಬರುತ್ತದೆ! ಹೇಳಲು ಹೋದೆ ಕೂಡ. ಹಿತ್ತಲಲ್ಲಿ ಅಂಕಲಗಿಯವಳು ಅಡ್ಡ ನಿಂತಳು.

"ಏನ್ ಹೇಳ್ತೀರಿ? ನಿಮಗ ಕಿವಿ ಕೇಳಂಗಿಲ್ಲ ಅಂತೀರಿ. ಅವರು ಸೌಟು ಗೂಟಕ್ಕ ಹಾಕ್ತಾರ, ಮುಗೀತು. ಆಮ್ಯಾಲ ನಿಮ್ಮ ಮಿಶನ್ ಕಡಾಯಿನ ಗತಿ."

"ಮತ್ತ ಹಿಂಗ ಬಿಡೂದೇನು? ನಾಳೆ ಮೈ ಮ್ಯಾಲ ಬಿಸಿ ಪಾಕ ಚೆಲ್ಲಿಕೊಂಡ್ರ?"

"ಬಿಡ್ರಿ ಅಂತ ಯಾರಂದ್ರು? ನನಗೂ ತಿಳಿಯವಲ್ದು. ಅವರ ಹೆಗಲು ಮುಟ್ಟಿ ಹೇಳೂವಷ್ಟು ದೊಡ್ಡಾಕಿ ನಾನಲ್ಲ."

ನಾವಿಬ್ಬರೂ ಸಿಟ್ಟಿನಿಂದಲೇ ಹಿತ್ತಲಲ್ಲಿ ಕೂತೆವು. ಅಲ್ಲಿಂದ ಚಪ್ಪರ ಕಾಣುತ್ತಿತ್ತು. ಒಲೆ, ಮಣೆ, ಅದರ ಹಿಂದೆ ಹೆಂಗಸರು ಕೂರುವ ಜಾಗ, ಗ್ವಾಡಿ. ಇಷ್ಟು ತಿಂಗಳು ಯಾರು ಯಾರಿಗೆ ಹೇಳುತ್ತಾರೆ ಎಂದು ಬರೆದುಕೊಂಡವಳು ನಾನು, ಯಾರು ಎತ್ತ ಮುಖ ಮಾಡಿರುತ್ತಾರೆ ಎಂಬುದನ್ನು ಆಗ ನೋಡಿದೆ. ಮಾತು ಬೆನ್ನಿಗೆ ಬಡಿಯುತ್ತಿದೆ. ಅದೇ ಮಾತು ಮುಖಕ್ಕೆ ಬಂದರೆ? ಅತ್ತೆಗೆ ನಮ್ಮ ತುಟಿ, ಹುಬ್ಬು, ಕೈ ಎಲ್ಲ ಕಾಣುತ್ತವೆ. ಹೇಳುವುದನ್ನು ಗ್ವಾಡಿಗೇ ಹೇಳೋಣ. ಆದರೆ ಅತ್ತೆ ನಮ್ಮ ಕಡೆ ಮುಖ ಮಾಡಿ ಕೂರಬೇಕು, ಗ್ವಾಡಿ ಅವರ ಬೆನ್ನ ಹಿಂದೆ ಇರಬೇಕು.

"ಒಲಿ ತಿರುಗಸೂಣು" ಎಂದೆ.

ಅಂಕಲಗಿಯವಳು ನನ್ನನ್ನೇ ನೋಡಿದಳು. ಆಮೇಲೆ ಅವಳ ಬಾಯಿ ಕಿವಿಯವರೆಗೂ ಅರಳಿತು. "ಭಾಳ ಓದೀರಿ ಅಂತ ಕೇಳಿದ್ದೆ. ಇವತ್ತು ಖರೆ ಅನಸ್ತು ನೋಡ್ರಿ."

ವಾರದ ರಜೆಯ ದಿನ ಬಂತು. ಅತ್ತೆ ಬಸದಿಗೆ ಹೋದವರು ಬೀಗರ ಮನೆಗೂ ಹೋಗಿ ಸಂಜೆಗೇ ಬರುವವರಿದ್ದರು. ರಜೆಯ ದಿನವೂ ಹೆಂಗಸರೆಲ್ಲ ಬಂದರು, ಒಬ್ಬಳೂ ತಪ್ಪಿಸಲಿಲ್ಲ. ಹಳೆಯ ಒಲೆ ಕೆಡವಿ, ಮಣ್ಣು ಕಲಸಿ, ಇಟ್ಟಂಗಿ ಇಟ್ಟು, ಬಾಯಿಯನ್ನು ಎದುರು ದಿಕ್ಕಿಗೆ ತಿರುಗಿಸಿ ಹೊಸ ಒಲೆ ಹಾಕಿದೆವು. ನಾನು ಸೀರೆ ಎತ್ತಿ ಕಟ್ಟಿ ಮಣ್ಣು ತುಳಿದೆ. ನಾಗನೂರಿನವಳು, "ಮೇಡಂ, ಇದೂ ಪಿಎಚ್.ಡಿ.ಯೊಳಗ ಬರತೈತೇನ್ರಿ?" ಎಂದು ಚುಡಾಯಿಸಿದಳು. "ಇದ ಪಿಎಚ್.ಡಿ.ವಾ, ಉಳಿದದ್ದೆಲ್ಲ ಬರೇ ಕಾಗದ" ಎಂದೆ. ಮೈದುನ ಬಂದು ಇಣುಕಿದ. ಅಂಕಲಗಿಯವಳು ಮಣ್ಣಿನ ಕೈ ತೋರಿಸಿ ಅವನನ್ನು ಓಡಿಸಿದಳು.

ಮರುದಿನ ಬೆಳಿಗ್ಗೆ ಅತ್ತೆ ಚಪ್ಪರಕ್ಕೆ ಬಂದರು. ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿದಂತೆ ಕೂತಿದ್ದೆವು. ಅತ್ತೆ ಒಲೆಯ ಸುತ್ತ ಒಂದು ಸುತ್ತು ಹಾಕಿದರು. ಹಸಿ ಮಣ್ಣನ್ನು ಬೆರಳಿನಿಂದ ಮುಟ್ಟಿದರು.

"ಒಲಿ ಬಾಯಿ ಇತ್ತಾಗ ಯಾಕ ಬಂತು?"

"ಹಳೇದು ಬಿರುಕು ಬಿಟ್ಟಿತ್ರಿ" ಎಂದು ಅಂಕಲಗಿಯವಳು ಕೊಬ್ಬರಿಗೆ ಹೇಳಿದಳು. ಆದರೆ ಮುಖ ಮೇಲೆತ್ತಿ, ತುಟಿ ಬಿಡಿಸಿ ಬಿಡಿಸಿ ಹೇಳಿದಳು.

ಅತ್ತೆ ಅವಳ ಮುಖ ನೋಡಿದರು. ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದರು. ಕೊನೆಗೆ ನನ್ನ ಕಾಲು ನೋಡಿದರು, ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಮಣ್ಣಿತ್ತು. ನಾನು ಸೆರಗು ಕೆಳಗೆಳೆದುಕೊಂಡೆ. ಬೈಗುಳಕ್ಕೆ ತಯಾರಾಗಿದ್ದೆ, ನಿಜ ಹೇಳಬೇಕೆಂದರೆ ಉತ್ತರಕ್ಕೂ ತಯಾರಾಗಿದ್ದೆ. ಅವರು ಗೂಟದಿಂದ ಸೌಟು ತೆಗೆದರು, ಮಣೆ ಎಳೆದುಕೊಂಡು ಹೊಸ ಜಾಗದಲ್ಲಿ, ನಮ್ಮ ಕಡೆ ಮುಖ ಮಾಡಿ ಕೂತರು.

ಬೆಲ್ಲ ಕರಗಿತು, ಕುದಿಯಿತು, ನೊರೆ ಏರಿತು. ಸಮಯ ಬಂದಾಗ ನಾಗನೂರಿನವಳು ತಲೆ ಎತ್ತಿ, ಅತ್ತೆಯ ತಲೆಯ ಮೇಲಿಂದ ಹಿಂದಿನ ಗೋಡೆ ನೋಡುತ್ತ, "ಏ ಗ್ವಾಡಿ, ಘಮ ಬಂತಲ್ಲ?" ಎಂದಳು. ಅತ್ತೆ ಅವಳ ತುಟಿ ನೋಡಿದರು. ಒಂದು ಕಟ್ಟಿಗೆ ಹೊರಗೆಳೆದರು. ಉರಿ ಸಣ್ಣದಾಯಿತು. ಅವತ್ತಿನ ಕರದಂಟಿನಂಥದ್ದು ನಮ್ಮ ಮನೆಯಲ್ಲಿ ಮೊದಲು ಆಗಿದ್ದಿಲ್ಲ ಎಂದರೆ ಜಂಬ ಅನ್ನಬಹುದು. ಅನ್ನಲಿ, ನನಗೆ ಜಂಬವೇ ಇದೆ. ಮೈದುನ ಒಂದು ತುಂಡು ಬಾಯಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಹಿಡಿದು ಅಂಗಡಿಗೆ ಹೋದ. ಉಗಿ ಕಡಾಯಿಯ ಸುದ್ದಿ ಆಮೇಲೆ ಯಾರೂ ಎತ್ತಲಿಲ್ಲ.

ಕಿವಿಯ ಮಿಶನ್ನೂ ಬಂತು, ಅದು ಗಂಡನ ಕೆಲಸ. ಅತ್ತೆ ಅದನ್ನು ಬಸದಿಗೆ ಹೋಗುವಾಗ ಮಾತ್ರ ಹಾಕಿಕೊಳ್ಳುತ್ತಾರೆ. ಒಲೆಯ ಮುಂದೆ ಯಾಕೆ ಬೇಡ ಎಂದು ಮಗ ಕೇಳಿದ್ದಕ್ಕೆ, "ಅಲ್ಲಿ ನನಗ ಎಲ್ಲಾ ಕೇಳತೈತಿ" ಎಂದರಂತೆ.

ಪ್ರಬಂಧ ಬರೆದು ಮುಗಿಸಿದೆ. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರೊಬ್ಬರು ಒಲೆಯ ಅಧ್ಯಾಯ ತೆರೆದಿಟ್ಟುಕೊಂಡು, "ಇಲ್ಲಿ ಹೇಳಿದವರು ಯಾರು?" ಎಂದು ಕೇಳಿದರು.

"ಎಲ್ಲರೂ, ಸರ್."

"ಯಾರಿಗೆ ಹೇಳಿದರು?"

"ಗೋಡೆಗೆ."

"ಕೇಳಿದವರು?"

"ಯಾರಿಗೆ ಕೇಳಬೇಕಾಗಿತ್ತೋ ಅವರು."

ಅವರು ನಕ್ಕರು. "ಹಾಗಾದರೆ ನಿಮ್ಮ ಅತ್ತೆಗೆ ಕಿವಿ ಕೇಳುವುದಿಲ್ಲ ಎಂದು ಅವರಿಗೆ ಹೇಳಿದವರು ಯಾರು?"

"ಈವರೆಗೂ ಯಾರೂ ಹೇಳಿಲ್ಲ" ಎಂದೆ. ನನ್ನ ಮಾರ್ಗದರ್ಶಕರು ಪಕ್ಕದಲ್ಲಿ ಕೂತಿದ್ದರು. ಹರಟೆ ಎಂದವರೇ ಅವರು. ಅವತ್ತು ಮೀಸೆಯಡಿ ನಗುತ್ತ, ತಮ್ಮ ಮಗಳೇ ಗೆದ್ದ ಹಾಗೆ ಎದೆಯುಬ್ಬಿಸಿ ಕೂತಿದ್ದರು. ನನಗೆ ಅವರ ಮೇಲಿದ್ದ ಹಳೆಯ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ಪದವಿ ಸಿಕ್ಕಿತೆಂದು ಮನೆಗೆ ಫೋನ್ ಮಾಡಿದ್ದೆ. ಮರುದಿನ ಬೆಳಿಗ್ಗೆ ಚಪ್ಪರಕ್ಕೆ ಹೋದಾಗ ಹೆಂಗಸರು ಗದ್ದಲವೆಬ್ಬಿಸಿದರು. ಅಂಕಲಗಿಯವಳು, "ಡಾಕ್ಟರ್ ಬಾಯಿ ಬಂದ್ರು, ಸರೀರಿ, ನನ್ನ ಮೊಣಕಾಲು ನೋಡಿಸ್ಕೋತೇನಿ" ಎಂದಳು. ನಾನು ಅತ್ತೆಯ ಕಾಲು ಮುಟ್ಟಲು ಬಗ್ಗಿದೆ. ಪಾಕ ಕುದಿಯುತ್ತಿತ್ತು. ಅತ್ತೆ ಆಶೀರ್ವಾದ ಮಾಡಲಿಲ್ಲ, ಭೇಷ್ ಎನ್ನಲಿಲ್ಲ. ಮಣೆಯಿಂದ ಎದ್ದರು. ಸೌಟಿನ ಹಿಡಿಕೆಯನ್ನು ನನ್ನ ಕಡೆ ಚಾಚಿದರು.

"ಹಿಡಿ."

ನಾನು ಹಿಡಿದೆ. ಮಣೆಯ ಮೇಲೆ ಕೂತೆ. ಕಬ್ಬಿಣ ಕೈಗೆ ಬೆಚ್ಚಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಿತ್ತು. ಅತ್ತೆ ನಿಧಾನವಾಗಿ ನಡೆದು ಹೋಗಿ ಹೆಂಗಸರ ನಡುವೆ, ಕೊಬ್ಬರಿಯ ಬುಟ್ಟಿಯ ಮುಂದೆ ಕೂತರು. ಯಾರೂ ಅವರ ಕೈಯಿಂದ ಸೌಟು ತೆಗೆದುಕೊಂಡಿರಲಿಲ್ಲ, ಅವರೇ ಕೊಟ್ಟಿದ್ದರು. ನಾನು ಪಾಕ ತಿರುವುತ್ತಲೇ ಇದ್ದೆ, ಕಣ್ಣು ಮಂಜಾಗಿ ನೊರೆಯ ಬಣ್ಣವೇ ಕಾಣುತ್ತಿರಲಿಲ್ಲ.

ಆಗ ಅತ್ತೆಯ ದನಿ ಬಂತು. ಅಷ್ಟು ವರ್ಷ ನನ್ನನ್ನು ಮುಖಕ್ಕೆ ಹೊಡೆದಂತೆ ಬೈದ ದನಿ. ಈಗ ಅವರು ನನ್ನ ಕಡೆ ನೋಡುತ್ತಿರಲಿಲ್ಲ. ನನ್ನ ತಲೆಯ ಮೇಲಿಂದ, ನನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದರು.

"ಏ ಗ್ವಾಡಿ," ಎಂದರು, "ಘಮ ಬಂತಲ್ಲ?"

ನಾನು ತಿರುಗಿ ನೋಡಲಿಲ್ಲ. ಒಂದು ಕಟ್ಟಿಗೆ ಹೊರಗೆಳೆದು ಉರಿ ಸಣ್ಣ ಮಾಡಿದೆ.